ಹಬ್ಬದ ಅಡುಗೆಮನೆಯ ಜಮಾ–ಖರ್ಚು

ಈ ಸಂಚಿಕೆ ಸದಸ್ಯ ಬಾಂಧವರ ಕೈಸೇರುವ ಹೊತ್ತಿಗೆ ದೀಪಾವಳಿಯ ಹಣತೆಗಳು ಅಟ್ಟ ಸೇರಿರುತ್ತವೆ. ಅರೇಬಿಕಾ ಹಣ್ಣಿನ ಕೊಯ್ಲು ಭರದಿಂದ ನಡೆದಿರುತ್ತದೆ. ಅಡಿಕೆಯ ಮನೆಗಳಲ್ಲಿ ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿರುತ್ತದೆ. ಇದೇ ದಿನಗಳಲ್ಲಿ ಕೊಡಗಿನವರಿಗೆ ಪುತ್ತರಿ, ತೀರ್ಥಹಳ್ಳಿಯ ಸುತ್ತಿನವರಿಗೆ ಎಳ್ಳಮಾವಾಸ್ಯೆಯ ಜಾತ್ರೆ, ಕ್ರೈಸ್ತ ಬೆಳೆಗಾರರಿಗೆ ಕ್ರಿಸ್‌ಮಸ್, ಅದರ ಬೆನ್ನಿಗೇ ಸಂಕ್ರಾಂತಿ. ರಜೆಯೂ ಆಗಲೇ ಬೀಳುವುದರಿಂದ ಬೆಂಗಳೂರಿನಲ್ಲಿರುವ ಮಕ್ಕಳು, ಮೊಮ್ಮಕ್ಕಳು, ಅವರ ಸ್ನೇಹಿತರು, ತೋಟ ನೋಡಬೇಕೆನ್ನುವ ಸ್ನೇಹಿತರ ಸ್ನೇಹಿತರು ಕಾರುಗಳಲ್ಲಿ ಬಂದಿಳಿಯುತ್ತಾರೆ. ನೆಂಟರಿಗೆ ಹಬ್ಬದೂಟ, ಕೊಯ್ಲಿನ ಆಳುಗಳಿಗೆ ಹೊತ್ತುಹೊತ್ತಿಗೆ ಕಾಫಿ–ತಿಂಡಿ, ಮನೆಯ ಹಿರಿಯರಿಗೆ ಪಥ್ಯ. ಇಷ್ಟೂ ಒಂದೇ ಅಡುಗೆಮನೆಯಲ್ಲಿ, ಬಹುಮಟ್ಟಿಗೆ ಒಬ್ಬಾಕೆಯ ಕೈಯಲ್ಲಿ ಆಗಬೇಕು.

ಈ ಪುಟಗಳಲ್ಲಿ ನಾವು ಬೋರ್ಡೋ ದ್ರಾವಣದ ಬಗ್ಗೆ, ಕೊಳೆರೋಗದ ಬಗ್ಗೆ, ಕಾಂಡಕೊರಕದ ಬಗ್ಗೆ ಎಷ್ಟೋ ಸಲ ಬರೆದಿದ್ದೇವೆ. ಅಡುಗೆಮನೆಯ ಸಂಗತಿ ಇಲ್ಲಿ ಬಂದದ್ದು ಕಡಮೆ. ಈಗ ಬರೆಯುವುದಕ್ಕೆ ಕಾರಣವಿದೆ. ಕಳೆದ ಸಂಕ್ರಾಂತಿಯ ಹಿಂದಿನ ದಿನ ನಮ್ಮ ಸದಸ್ಯರೊಬ್ಬರ ಮನೆಯಾಕೆ ಬೆಲ್ಲದ ಪಾಕದ ಬಾಣಲೆ ಇಳಿಸುವಾಗ ಕೈಜಾರಿ ಮೊಣಕೈವರೆಗೆ ಸುಟ್ಟುಕೊಂಡರು. ಎರಡು ರಾತ್ರಿ ಸರಿಯಾಗಿ ನಿದ್ದೆಯಿರಲಿಲ್ಲವಂತೆ. ಗಾಯ ವಾಸಿಯಾಯಿತು. ಆದರೆ ಆಕೆ ಇಂದಿಗೂ ಮರೆಯದಿರುವುದು ಬಾಣಲೆಯ ಸದ್ದು ಕೇಳಿದೊಡನೆ ಜಗಲಿಯಿಂದ ಬಂದ ಮಾತು: "ಪಾಕ ಕೆಟ್ಟಿತೇನು?" ಕೇಳಿದವರು ಕೆಟ್ಟವರಲ್ಲ, ಸುಟ್ಟದ್ದು ಅವರಿಗೆ ತಿಳಿದಿರಲಿಲ್ಲ. ಗೋಡೆಯ ಆಚೆ ಏನು ನಡೆಯುತ್ತಿದೆ ಎಂದು ತಿಳಿಯದೆ ಇರುವುದು ನಮ್ಮ ಅನೇಕ ಮನೆಗಳಲ್ಲಿ ಪದ್ಧತಿಯೇ ಆಗಿದೆ.

ಹಬ್ಬದ ದಿನ ಅಡುಗೆಮನೆಯಲ್ಲಿ ಸಿಡುಕು ಹೆಚ್ಚು ಎಂಬುದು ಎಲ್ಲರೂ ಬಲ್ಲ ಸಂಗತಿ. ಇದಕ್ಕೆ ಮದ್ದಾಗಿ ಈಚೆಗೆ ಒಂದು ಉಪದೇಶ ಎಲ್ಲೆಲ್ಲೂ ಕೇಳಿಬರುತ್ತಿದೆ. ಮಠದ ಪ್ರವಚನದಲ್ಲಿ, ರೇಡಿಯೋದಲ್ಲಿ, ಬೆಳಗ್ಗೆ ಎದ್ದೊಡನೆ ಮೊಬೈಲಿಗೆ ಬರುವ ಹೂವಿನ ಚಿತ್ರದ ಸಂದೇಶದಲ್ಲಿ ಅದೇ ಮಾತು: ಕೃತಜ್ಞತೆ ಇರಲಿ, ಮನಸ್ಸು ಶಾಂತವಾಗುತ್ತದೆ. ಇದ್ದುದನ್ನು ನೆನೆಯಿರಿ, ಇಲ್ಲದ್ದಕ್ಕೆ ಕೊರಗಬೇಡಿ. ಈ ಮಾತು ನಿಜವೇ? ನಿಜವಾದರೆ ಯಾವಾಗ ನಿಜ, ಯಾರಿಗೆ ನಿಜ? ಔಷಧಿ ಸಿಂಪಡಿಸುವ ಮೊದಲು ಪ್ರಮಾಣ ಕೇಳುವ ನಾವು ಈ ಮದ್ದಿನ ವಿಷಯದಲ್ಲೂ ಅಷ್ಟು ವಿಚಾರಿಸುವುದು ಒಳ್ಳೆಯದು.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ವಾರಕ್ಕೊಮ್ಮೆಯಂತೆ ಹತ್ತು ವಾರ ಬರೆಯಲು ಹೇಳಿದರು. ಒಂದು ಗುಂಪು ತಾವು ಉಪಕಾರ ನೆನೆಯಬೇಕಾದ ಐದರವರೆಗಿನ ಸಂಗತಿಗಳನ್ನು ಬರೆಯಬೇಕು. ಇನ್ನೊಂದು, ಕಿರಿಕಿರಿಯಾದ ಸಂಗತಿಗಳನ್ನು. ಮೂರನೆಯದು, ವಾರದಲ್ಲಿ ನಡೆದ ಯಾವುದಾದರೂ ಘಟನೆಗಳನ್ನು. ಉಪಕಾರ ಬರೆದವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು, ಮೈಕೈ ನೋವಿನ ದೂರುಗಳೂ ಅವರಲ್ಲಿ ಕಡಮೆಯಿದ್ದವು. ಅಂದರೆ ಈ ಉಪದೇಶ ಬರಿಯ ಮಾತಲ್ಲ, ಅದರಲ್ಲಿ ಹುರುಳಿದೆ. ಆದರೆ ಆ ವಿದ್ಯಾರ್ಥಿಗಳು ಇಪ್ಪತ್ತು ಜನಕ್ಕೆ ಕಡುಬು ಬೇಯಿಸುತ್ತ ಆ ಪಟ್ಟಿ ಬರೆದವರಲ್ಲ ಎಂಬುದನ್ನೂ ನೆನಪಿಡಬೇಕು.

ನಮಗೆ ಈ ವಿಷಯದಲ್ಲಿ ಕಣ್ಣು ತೆರೆಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಹಲಬರ್ಗಾ ಎಂಬ ಊರು. ಕಾಫಿ, ಅಡಿಕೆ ಎರಡನ್ನೂ ಕಾಣದ ಸೀಮೆ ಅದು. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕು. ಬೀದರಿನಿಂದ ಭಾಲ್ಕಿಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ನಮ್ಮ ಸಂಘದ ಸದಸ್ಯರೊಬ್ಬರ ಮಗಳನ್ನು ಆ ಊರಿಗೆ ಕೊಟ್ಟಿದೆ. ಬೀಗರ ಕರೆಯ ಮೇಲೆ 2024ರ ಡಿಸೆಂಬರ್ 30ರ ಎಳ್ಳ ಅಮಾವಾಸ್ಯೆಗೆ ನಾವೂ ಅವರೊಡನೆ ಹೋಗಿದ್ದೆವು. ಎಳ್ಳಮಾವಾಸ್ಯೆ ಎಂದರೆ ನಮಗೆ ತೀರ್ಥಹಳ್ಳಿಯ ತುಂಗಾಸ್ನಾನ, ಜಾತ್ರೆ, ತೆಪ್ಪೋತ್ಸವ. ಅಲ್ಲಿಯವರಿಗೆ ಅದು ಹೊಲದ ಹಬ್ಬ, ವರ್ಷದ ದೊಡ್ಡ ಹಬ್ಬ. ಅಂದು ಬೀದರ ಪೇಟೆಯ ರಸ್ತೆಗಳು ಬಿಕೋ ಎನ್ನುತ್ತವೆ. ಹೊಲವಿದ್ದವರು ತಮ್ಮ ಹೊಲದಲ್ಲಿ, ಇಲ್ಲದವರು ಕರೆದವರ ಹೊಲದಲ್ಲಿ ಇರುತ್ತಾರೆ.

ಹಬ್ಬದ ವಿಧಿ ಸರಳ. ಹಿಂಗಾರಿ ಜೋಳ ಎದೆಮಟ್ಟ ಬೆಳೆದು ನಿಂತಿರುತ್ತದೆ. ಹೊಲದ ನಡುವೆ ಜೋಳದ ದಂಟುಗಳನ್ನು ಸೇರಿಸಿ ಕಟ್ಟಿ ಪುಟ್ಟ ಕೊಂಪೆ ಮಾಡುತ್ತಾರೆ. ಅದರೊಳಗೆ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ. ಮನೆಯಿಂದ ಹೊತ್ತು ತಂದ ಅಡುಗೆಯ ಮೊದಲ ಪಾಲನ್ನು ಒಂದು ಪಾತ್ರೆಯಲ್ಲಿ ಕಲಸಿ, ಒಬ್ಬರು ಹೊಲದ ಸುತ್ತ ಚೆಲ್ಲುತ್ತ ನಡೆಯುತ್ತಾರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಕೂಗು ಹಾಕುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಭೂಮಿತಾಯಿ ಕೊಟ್ಟದ್ದರಲ್ಲಿ ಮೊದಲ ತುತ್ತು ಭೂಮಿತಾಯಿಗೇ. ಆಮೇಲೆ ಎಲ್ಲರೂ ಅಲ್ಲೇ ಕೂತು ಊಟ. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕೂಗಿ ಕರೆದು ಕೂರಿಸುತ್ತಾರೆ.

ನಮ್ಮ ಕಡೆಯ ಭೂಮಿ ಹುಣ್ಣಿಮೆಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಶೀಗಿ ಹುಣ್ಣಿಮೆಯ ರಾತ್ರಿಯೆಲ್ಲ ಎಚ್ಚರವಿದ್ದು ಬಗೆಬಗೆಯ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ತುಂಬಿ, ನಸುಕಿನಲ್ಲಿ ಗದ್ದೆ–ತೋಟಕ್ಕೆ ಒಯ್ದು ಬೀರುವ ಹಬ್ಬ ಅದು. ಸಾಗರ, ಸೊರಬದ ದೀವರ ಹೆಣ್ಣುಮಕ್ಕಳ ಕೈಯ ಬುಟ್ಟಿಗಳನ್ನು ನೋಡಿಯೇ ಆನಂದಿಸಬೇಕು. ಬಸಿರಿ ಭೂಮಿಗೆ ಬಯಕೆಯೂಟ ಎಂಬ ಭಾವನೆ ಅಲ್ಲಿ. ಎರಡೂ ಕಡೆ ಭಾವ ಒಂದೇ: ಉಂಡದ್ದಕ್ಕೆ ಋಣ ನೆನೆಯುವುದು.

ಕನ್ನಡದಲ್ಲಿ ಮನೆಯೊಳಗಿನವರಿಗೆ ಕೃತಜ್ಞತೆ ಹೇಳುವ ಸಲೀಸಾದ ಮಾತು ಇಲ್ಲ. ಹೆಂಡತಿಗೆ 'ಥ್ಯಾಂಕ್ಸ್' ಎಂದರೆ ಆಕೆ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿಯಾಳು. ನಮ್ಮ ಮಾತು ಋಣ. ಅನ್ನದ ಋಣ, ಉಪ್ಪಿನ ಋಣ, ಮಣ್ಣಿನ ಋಣ. ಋಣ ಎಂದರೆ ಸಾಲ. ಸಾಲವೆಂದ ಮೇಲೆ ತೀರಿಸಬೇಕಾದ್ದು. ಸಹಕಾರ ಸಂಘದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಜ್ಜಿಯ ಭಾಂಡೆ

ಹಲಬರ್ಗಾದಲ್ಲಿ ಪೂಜೆಗಿಂತ ನಮ್ಮ ಗಮನ ಸೆಳೆದದ್ದು ಹಿಂದಿನ ರಾತ್ರಿಯ ಅಡುಗೆಮನೆ. ಆ ಹಬ್ಬದ ಮುಖ್ಯ ಪದಾರ್ಥ ಭಜ್ಜಿ. ನಮ್ಮಲ್ಲಿ ಎಣ್ಣೆಯಲ್ಲಿ ಕರಿಯುವ ಬಜ್ಜಿಗೂ ಇದಕ್ಕೂ ಸಂಬಂಧವಿಲ್ಲ. ಆ ಕಾಲದಲ್ಲಿ ಸಿಗುವ ಎಲ್ಲ ಹಸಿಕಾಳು, ಎಲ್ಲ ಸೊಪ್ಪು, ಕೈಗೆ ಬಂದ ತರಕಾರಿ ಸೇರಿಸಿ, ಹುಣಿಸೆಹುಳಿ ಹಿಂಡಿ, ಕಡಲೆಹಿಟ್ಟು ಕಲಸಿ ದೊಡ್ಡ ಭಾಂಡೆಯಲ್ಲಿ ಕುದಿಸಿದ ಗಟ್ಟಿ ಪಲ್ಯ. ಅದಕ್ಕೆ ಜೊತೆ ಎಳ್ಳು ಹಚ್ಚಿ ತಟ್ಟಿದ ಸಜ್ಜೆ ರೊಟ್ಟಿ, ಮಜ್ಜಿಗೆ ಬೆರೆಸಿ ಹುಳಿಬರಿಸಿದ ಜೋಳದ ಅಂಬಲಿ, ಶೇಂಗಾ ಹೋಳಿಗೆ.

ನಾವು ಹೋದ ಮನೆಯಲ್ಲಿ ಅಂದು ರಾತ್ರಿ ಏಳು ಹೆಂಗಸರು ಕೂತಿದ್ದರು. ಮನೆಯವರು ಮೂವರು, ಉಳಿದವರು ಓಣಿಯವರು. ಇಬ್ಬರು ರೊಟ್ಟಿ ತಟ್ಟುತ್ತಿದ್ದರು, ಒಬ್ಬರು ಬೇಯಿಸುತ್ತಿದ್ದರು. ಮಿಕ್ಕವರು ಕಾಳು ಸುಲಿಯುತ್ತ ಸೊಪ್ಪು ಬಿಡಿಸುತ್ತ ಇದ್ದರು. ಗಂಡಸರು ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿದರು. ನಮ್ಮ ಕೈಗೂ ಒಂದು ಬುಟ್ಟಿ ಬಂತು. ಮನೆಯ ಯಜಮಾನಿಗೆ ಎಪ್ಪತ್ತು ದಾಟಿದೆ. ಇಷ್ಟು ಜನಕ್ಕೆ ಅಡುಗೆ ಮಾಡುವಾಗ ಸಿಟ್ಟು ಬರುವುದಿಲ್ಲವೇ ಎಂದು ನಾವು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇವೆ:

"ಸಿಟ್ಟ್ ಯಾಕ ಬರ್ತದ್ರೀ ಅಣ್ಣಾರ? ನಾ ಒಬ್ಬಾಕಿನೇ ಮಾಡ್ಲತ್ತೀನಿ ಅನ್ನಿಸಿದ್ರ ಬರ್ತದ. ಇಲ್ಲಿ ನೋಡ್ರಿ. ಮೆಂತ್ಯಾ ಆಕಿ ಹೊಲದ್ದು, ಅವರಿಕಾಯಿ ಇವರ ಮನಿದು, ಸಜ್ಜಿ ಬೀಸಿಕೊಂಡು ಬಂದಂವ ನನ್ ಮಗ. ಹಿಂಗ ಒಂದೊಂದೇ ನೆನಸ್ಕೋತ ಭಾಂಡ್ಯಾಕ್ಕ ಹಾಕ್ತೀನಿ. ಒಬ್ಬಾಕಿ ಎಲ್ಲಿ ಮಾಡ್ಲತ್ತೀನ್ರೀ?"

ಕಛೇರಿಯಲ್ಲಿ ದಿನವೂ ಕಿರ್ದಿ ನೋಡುವ ನಮಗೆ ಇದು ಥಟ್ಟನೆ ಹಿಡಿಸಿತು. ಆಕೆ ಮಾಡುತ್ತಿದ್ದುದು ಜಮಾ ಬರೆಯುವ ಕೆಲಸ. ಸಿಟ್ಟು ಬಂದ ಮನಸ್ಸು ಖರ್ಚಿನ ಕಡೆ ಮಾತ್ರ ನೋಡುತ್ತದೆ: ಬೆಳಗಿನಿಂದ ನಾನು ಎಷ್ಟು ಮಾಡಿದೆ, ಇನ್ನೆಷ್ಟು ಉಳಿದಿದೆ, ಯಾರು ಬರಲಿಲ್ಲ, ಯಾರು ಕೇಳಲಿಲ್ಲ. ಅದರಲ್ಲಿ ಒಂದೊಂದು ಬಾಬೂ ನಿಜವೇ. ಆದರೆ ಪುಟದ ಎಡಭಾಗ ಖಾಲಿ ಬಿಟ್ಟ ಕಿರ್ದಿ ಅದು. ಒಂದೊಂದು ಪದಾರ್ಥ ಭಾಂಡೆಗೆ ಬೀಳುವಾಗಲೂ ಅದು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂದು ನೆನೆದರೆ ಆ ಎಡಭಾಗ ತುಂಬುತ್ತದೆ, 'ನಾನೊಬ್ಬಳೇ' ಎಂಬುದು ಸಡಿಲವಾಗುತ್ತದೆ. ಎಮನ್ಸ್ ಅವರ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಕಾಗದದ ಮೇಲೆ ಬರೆದದ್ದನ್ನು ಈ ಅಜ್ಜಿ ಸೌಟು ಹಿಡಿದು ಮಾಡುತ್ತಿದ್ದರು.

ಆದರೆ ಗಮನಿಸಬೇಕಾದ ಅಂಶವೊಂದಿದೆ. ಆ ಜಮಾ ಸುಳ್ಳಲ್ಲ. ಮೆಂತ್ಯ ನಿಜವಾಗಿ ಪಕ್ಕದ ಹೊಲದಿಂದ ಬಂದಿತ್ತು, ಮಗ ನಿಜವಾಗಿ ಗಿರಣಿಗೆ ಹೋಗಿಬಂದಿದ್ದ, ಏಳು ಜೊತೆ ಕೈಗಳು ನಿಜವಾಗಿ ಅಲ್ಲಿದ್ದವು. ಯಾರೂ ಏನೂ ತಂದುಕೊಡದ, ಯಾರೂ ಕೈಹಾಕದ ಅಡುಗೆಮನೆಯಲ್ಲಿ ನಿಂತವಳಿಗೆ 'ಉಪಕಾರ ನೆನೆ, ಶಾಂತಳಾಗು' ಎಂದರೆ, ಬಾರದ ಹಣವನ್ನು ಜಮಾ ತೋರಿಸು ಎಂದಂತೆ. ಅಂಥ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕರೂ ಒಪ್ಪುವುದಿಲ್ಲ, ಮನಸ್ಸೂ ಒಪ್ಪುವುದಿಲ್ಲ. ಮೇಲಾಗಿ ಅದು ಆಕೆಯ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ: ಅಡುಗೆಯನ್ನೂ ಮಾಡು, ನಗುನಗುತ್ತಲೂ ಇರು.

ಇನ್ನೂ ಒಂದು ವಿಚಾರ. ಹಲಬರ್ಗಾದ ಅಡುಗೆಯ ರೀತಿಯೇ ಅಡುಗೆಯವರ ಪರವಾಗಿದೆ. ಭಜ್ಜಿ ಒಂದೇ ಭಾಂಡೆ, ರುಚಿ ಕೆಡದೆ ಮಾರನೆಯ ದಿನಕ್ಕೆ ಇರುತ್ತದೆ. ಸಜ್ಜೆ ರೊಟ್ಟಿ ಒಣಗಿ ಗರಿಗರಿಯಾದಷ್ಟೂ ಚೆನ್ನ. ಅಂಬಲಿ ಹುಳಿಯಬೇಕಾದ್ದು, ಆದ್ದರಿಂದ ಮೊದಲೇ ಆಗಿರುತ್ತದೆ. ಹೋಳಿಗೆ ಎರಡು ದಿನ ಇಟ್ಟರೂ ಚಿಂತೆಯಿಲ್ಲ. ಹೀಗಾಗಿ ಹಬ್ಬದ ದಿನ ಮಧ್ಯಾಹ್ನ ನೂರು ಜನ ಬಂದರೂ ಒಲೆ ಉರಿಯುತ್ತಿರುವುದಿಲ್ಲ. ಬುಟ್ಟಿ ಬಿಚ್ಚಿ ಬಡಿಸುವುದಷ್ಟೆ ಕೆಲಸ. ಮಾಡಿದವರೂ ಹೊಲಕ್ಕೆ ಬಂದು, ಜೋಳದ ನೆರಳಿನಲ್ಲಿ ಎಲ್ಲರ ಜೊತೆ ಕೂತು ಉಣ್ಣುತ್ತಾರೆ. ನಮ್ಮ ಸದಸ್ಯರ ಮಗಳು ಅಂದು ಹೊಲದಲ್ಲಿ ಹೇಳಿದಳು: "ಚಿಕ್ಕಪ್ಪ, ನಮ್ಮ ಮನೆಯಲ್ಲಿ ಹಬ್ಬದ ದಿನ ಅಮ್ಮ ಕೂತು ಉಂಡದ್ದನ್ನು ನಾನು ಕಂಡಿಲ್ಲ. ಇಲ್ಲಿ ಮದುವೆಯಾದ ಮೊದಲ ವರ್ಷವೇ ಅತ್ತೆಯ ಪಕ್ಕ ಕೂತು ಉಂಡೆ." ಅವಳ ತಂದೆ ಪಕ್ಕದಲ್ಲೇ ಇದ್ದರು. ಏನೂ ಹೇಳಲಿಲ್ಲ.

ಬೀದರ ಸೀಮೆಯ ಹೆಂಗಸರೆಲ್ಲ ಸುಖದಲ್ಲಿದ್ದಾರೆ ಎಂದು ಇದರ ಅರ್ಥವಲ್ಲ. ಹಿಂದಿನ ರಾತ್ರಿ ರೊಟ್ಟಿ ತಟ್ಟಿ ತಟ್ಟಿ ಅವರ ಸೊಂಟವೂ ಹಿಡಿದುಕೊಂಡಿತ್ತು, ನಸುಕಿಗೆ ಏಳುವುದೂ ಅವರಿಗೆ ತಪ್ಪಲಿಲ್ಲ. ಹಬ್ಬದ ಹೊರಗಿನ ದಿನಗಳ ಮಾತು ಬೇರೆ.

ಎರಡು ಒಲೆಗಳು

ನಮ್ಮ ಅಡಿಕೆ ಮನೆಗಳಲ್ಲಿ ಕೊಯ್ಲಿನ ಕಾಲಕ್ಕೆ ಎರಡು ಒಲೆ ಉರಿಯುತ್ತವೆ. ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆ, ಒಳಗೆ ಅಡುಗೆಯ ಒಲೆ. ಹಂಡೆಯ ಒಲೆಗೆ ಬೇಕಾದ ಸೌದೆ ಮಳೆಗಾಲಕ್ಕೆ ಮುಂಚೆಯೇ ಒಡೆದು ಪೇರಿಸಿ ಇಟ್ಟಿರುತ್ತದೆ. ಉರಿ ನೋಡಲು ಒಬ್ಬ, ಚೊಗರು ಹಾಕಲು ಒಬ್ಬ, ಬೆಂದದ್ದನ್ನು ತೆಗೆದು ಹರಡಲು ಇಬ್ಬರು. ಇಂದು ಎಷ್ಟು ಹಂಡೆ ಬೇಯಿಸಬೇಕು ಎಂಬ ಲೆಕ್ಕ ಬೆಳಗ್ಗೆಯೇ ಗೊತ್ತು. ಎಲ್ಲ ಸೇರಿ ಮಾತಾಡುತ್ತ ನಗುತ್ತ ಕೆಲಸ ಸಾಗುತ್ತದೆ. ಆ ಒಲೆಯ ಮುಂದೆ ಸಿಟ್ಟು ಮಾಡಿಕೊಂಡವರನ್ನು ನಾವು ಕಂಡದ್ದು ಅಪರೂಪ.

ಒಳಗಿನ ಒಲೆಯ ಸ್ಥಿತಿ ನೋಡಿ. ಎಷ್ಟು ಜನ ಊಟಕ್ಕೆ ಎಂಬುದು ಹನ್ನೆರಡು ಗಂಟೆಗೂ ಖಚಿತವಿಲ್ಲ. ಗ್ಯಾಸ್ ಮುಗಿದರೆ ಸಿಲಿಂಡರ್ ಬದಲಿಸಲು ಕೂಗಿ ಕೂಗಿ ಯಾರೂ ಇಲ್ಲ. ತೆಂಗಿನಕಾಯಿ ಸುಲಿದಿಲ್ಲ. ನೀರ್ದೋಸೆ, ಕಡುಬು, ಅಕ್ಕಿರೊಟ್ಟಿ ಎಲ್ಲವೂ ಬಿಸಿಬಿಸಿ ಆಗಬೇಕು. ಪಂಕ್ತಿಯಲ್ಲಿ ಕೂತವರು ಹೊರಗೆ, ಕಾವಲಿಯ ಮುಂದೆ ನಿಂತವಳು ಒಳಗೆ. ಊಟ ಮುಗಿದಾಗ ಹಿರಿಯರು 'ಅನ್ನದಾತಾ ಸುಖೀಭವ' ಎನ್ನುತ್ತಾರೆ. ಯಜಮಾನರು ತಲೆಬಾಗಿ ಸ್ವೀಕರಿಸುತ್ತಾರೆ. ಅನ್ನ ಕೊಟ್ಟವರು ಅವರೇ ಎಂಬುದು ಒಪ್ಪತಕ್ಕ ಮಾತು. ಅನ್ನ ಬೇಯಿಸಿದವರಿಗೆ ಆ ಹರಕೆ ಬಾಗಿಲ ಸಂದಿನಿಂದ ಅಷ್ಟಿಷ್ಟು ತಲುಪುತ್ತದೆ.

ಬಿಸಿ ಅಡುಗೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ತಣ್ಣಗಿನ ಕಡುಬನ್ನು ಯಾರು ತಿಂದಾರು! ಆದರೆ ಹಬ್ಬದ ಐದಾರು ಬಗೆಗಳಲ್ಲಿ ಬಿಸಿಯಾಗಿ ಆಗಬೇಕಾದ್ದು ಒಂದೋ ಎರಡೋ ಇದ್ದು, ಮಿಕ್ಕವು ಹಿಂದಿನ ದಿನವೇ ಆಗುವಂತಿದ್ದರೆ ಅರ್ಧ ಭಾರ ಇಳಿಯುತ್ತದೆ. ಕಜ್ಜಾಯ, ಉಂಡೆ, ಗೊಜ್ಜು, ಉಪ್ಪಿನಕಾಯಿ, ಚಟ್ನಿಪುಡಿ ನಮ್ಮ ಕಡೆ ಇದ್ದೇ ಇವೆ.

ಬೀದರಿನಲ್ಲಿ ನಾವು ಕಂಡ ಇನ್ನೊಂದು ಅಡುಗೆಮನೆಯ ಸಂಗತಿ ಹೇಳದೆ ಇರಲಾರೆವು. ಅಮಾವಾಸ್ಯೆಯ ಮಾರನೆಯ ದಿನ ನಗರದ ಗುರುನಾನಕ ಝೀರಾ ಸಾಹೇಬ ಗುರುದ್ವಾರಕ್ಕೆ ಹೋಗಿದ್ದೆವು. ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಇಲ್ಲಿಗೆ ಬಂದರೆಂದೂ, ಸಿಹಿನೀರಿನ ಒರತೆ ಅವರ ಪಾದಸ್ಪರ್ಶದಿಂದ ಹುಟ್ಟಿತೆಂದೂ ನಂಬುಗೆ. 1699ರಲ್ಲಿ ಗುರು ಗೋವಿಂದಸಿಂಗರು ಖಾಲ್ಸಾ ಸ್ಥಾಪಿಸಿದಾಗ ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನವರು. ಅಲ್ಲಿಯ ಲಂಗರ್ ಎಲ್ಲರಿಗೂ ತೆರೆದ ಊಟದ ಮನೆ. ಲಾರಿ ಚಾಲಕರು, ಯಾತ್ರಿಕರು, ಕಾಲೇಜು ಹುಡುಗರು ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತಾರೆ. ಅಡುಗೆಯ ಕಡೆ ನೋಡಿದರೆ ರೊಟ್ಟಿ ಲಟ್ಟಿಸುವವರಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಆಗತಾನೇ ಬಂದ ಯಾತ್ರಿಕರೂ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಉಂಡೆದ್ದ ಒಬ್ಬ ಹಿರಿಯರು ಯಾರೂ ಹೇಳದೆಯೇ ತೊಳೆಯುವ ಕಡೆ ಹೋಗಿ ತಟ್ಟೆ ಉಜ್ಜಲು ನಿಂತರು. ಅಲ್ಲಿ ಋಣ ತೀರಿಸುವ ದಾರಿ ಅದು. ಅಷ್ಟು ದೊಡ್ಡ ಅಡುಗೆಮನೆಯಲ್ಲಿ ನಾವಿದ್ದ ಹೊತ್ತಿನಲ್ಲಿ ಗಡಿಬಿಡಿ ಕಂಡೆವು, ಸಿಡುಕು ಕಾಣಲಿಲ್ಲ.

ಅದೇ ಜಿಲ್ಲೆಯ ಬಸವಕಲ್ಯಾಣದ ಕಡೆಗೂ ಒಂದು ಕ್ಷಣ ತಿರುಗೋಣ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಓದುಗರಿಗೆ ಗೊತ್ತು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ನಮಗೆ ಬೇಕಾದ್ದು ಎಷ್ಟೋ ಅಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದಳು. ಸಾಮಾನ್ಯವಾಗಿ ಇದನ್ನು ನಿರಾಸೆಯ ಪಾಠವಾಗಿ ಹೇಳುತ್ತಾರೆ. ನಮಗೆ ಇಲ್ಲಿ ಮುಖ್ಯವಾಗಿ ಕಾಣುವುದು, ಎಷ್ಟು ಬೇಯಬೇಕು ಎಂದು ತೀರ್ಮಾನಿಸಿದ್ದು ಬೇಯಿಸುವವಳು ಎಂಬುದು. ತಂದವನು ಮರುಮಾತಿಲ್ಲದೆ ಹಿಂದಿರುಗಿಸಿ ಬಂದ. ನಮ್ಮ ಮನೆಗಳಲ್ಲಿ ಪೇಟೆಗೆ ಹೋದವರು ಐದು ಕಿಲೋ ಮೀನನ್ನೋ ಬುಟ್ಟಿ ತುಂಬ ಹಲಸಿನಕಾಯಿಯನ್ನೋ ಮೂರು ಜನ ಹೊಸ ನೆಂಟರನ್ನೋ ಹನ್ನೊಂದು ಗಂಟೆಗೆ ತಂದು ಅಡುಗೆಮನೆಯ ಬಾಗಿಲಲ್ಲಿ ಇಳಿಸಿದಾಗ, ಹಿಂದಕ್ಕೆ ಕಳಿಸುವ ಅಧಿಕಾರ ಯಾರಿಗಿದೆ?

ಅಂಕಿ–ಅಂಶ ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಿದೆ. 2019ರ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇವು ಕ್ರಮವಾಗಿ 289 ಮತ್ತು 88. ಗಂಡಸರ ಆ 88 ನಿಮಿಷವೂ ಮನೆಗೆಲಸ ಮಾಡುವ ಗಂಡಸರ ಸರಾಸರಿ. ಅಂಥವರು ನೂರಕ್ಕೆ ಮೂವತ್ತಕ್ಕಿಂತ ಕಡಮೆ. ಹಬ್ಬದ ದಿನದ ಲೆಕ್ಕ ಬೇರೆ ತೆಗೆದರೆ ಹೇಗಿದ್ದೀತೆಂದು ಓದುಗರೇ ಊಹಿಸಬಹುದು.

'ನಾವೂ ಸಹಾಯ ಮಾಡುತ್ತೇವಲ್ಲ' ಎಂದು ಕೆಲವು ಸದಸ್ಯರು ಹೇಳಿಯಾರು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ಬರೆದ 'ದಿ ಸೆಕೆಂಡ್ ಶಿಫ್ಟ್' ಎಂಬ ಪುಸ್ತಕದಲ್ಲಿ ಈ ಮಾತನ್ನು ಚೆನ್ನಾಗಿ ಬಿಡಿಸಿದ್ದಾರೆ. ದಂಪತಿಗಳ ನಡುವೆ ಕೃತಜ್ಞತೆಯದೇ ಒಂದು ಕೊಡು–ಕೊಳ್ಳುವ ವ್ಯವಹಾರ ಇರುತ್ತದೆ. ಗಂಡ ದೊಡ್ಡ ಉಪಕಾರವೆಂದು ಮಾಡಿದ ಕೆಲಸ ಹೆಂಡತಿಗೆ ನ್ಯಾಯವಾಗಿ ಆಗಬೇಕಾದ್ದರಲ್ಲಿ ಅಲ್ಪ ಪಾಲಾಗಿ ಕಾಣಬಹುದು, ಆಗ ಇಬ್ಬರಿಗೂ ತಮಗೆ ಮೋಸವಾಯಿತೆಂದೇ ಅನ್ನಿಸುತ್ತದೆ. ಹಬ್ಬದ ದಿನ ಒಂದು ತೆಂಗಿನಕಾಯಿ ಸುಲಿದು ಅದರ ಕಥೆಯನ್ನು ಮೂರು ಸಲ ಹೇಳುವವರನ್ನು ನಾವೆಲ್ಲ ಬಲ್ಲೆವು.

ಹಾಗಾದರೆ ಮಾಡಬೇಕಾದ್ದೇನು? ನಮಗೆ ತೋಚಿದ್ದನ್ನು ಹೇಳುತ್ತೇವೆ. ಹಬ್ಬಕ್ಕೆ ಮೂರು ದಿನ ಮೊದಲು, ಎಷ್ಟು ಜನ, ಯಾವ ಯಾವ ಅಡುಗೆ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಲಿ, ಕೊನೆಯ ಮಾತು ಬೇಯಿಸುವವರದಿರಲಿ. ಕಾಯಿ ಸುಲಿಯುವುದು, ತುರಿಯುವುದು, ರುಬ್ಬುವುದು, ಸಿಲಿಂಡರ್ ಜೋಡಿಸುವುದು, ಎಲೆ ಕೊಯ್ದು ಒರೆಸುವುದು, ಪಾತ್ರೆ ತೊಳೆಯುವುದು ಇವಕ್ಕೆ ತೋಟದ ಕೆಲಸದಂತೆ ಹೆಸರು ಹಚ್ಚಿ ಹಂಚಲಿ. ರಜೆಗೆ ಬಂದ ಮಕ್ಕಳ ಸ್ನೇಹಿತರಿಗೂ ಒಂದು ಬುಟ್ಟಿ ಅವರೆಕಾಯಿ ಕೊಟ್ಟರೆ ತಪ್ಪೇನಿಲ್ಲ. ಹಲಬರ್ಗಾದಲ್ಲಿ ಸುಲಿದಷ್ಟು ಸಂತೋಷ ನಮಗೆ ನೆಂಟಸ್ತನದಲ್ಲಿ ಬೇರೆಲ್ಲೂ ಸಿಕ್ಕಿಲ್ಲ.

ಅಡುಗೆ ಮಾಡುವ ತಾಯಂದಿರಿಗೂ ಒಂದು ಮಾತು. ಬೆಳಗ್ಗೆ ಒಲೆ ಹಚ್ಚುವ ಮೊದಲು ಒಲೆಯನ್ನು ಸಾರಿಸಿ, ಎರಡು ಎಳೆ ರಂಗೋಲಿ ಇಟ್ಟು, ಕುಂಕುಮ ಹಚ್ಚಿ ಕೈಮುಗಿಯುವುದು ನಮ್ಮ ಹಿರಿಯರ ರೂಢಿ. ಮುಸಲ್ಮಾನ ತಾಯಂದಿರು ಬಿಸ್ಮಿಲ್ಲಾ ಎಂದು ಕೈಹಚ್ಚುತ್ತಾರೆ. ಗ್ಯಾಸ್ ಒಲೆ ಬಂದ ಮೇಲೆ ಅನೇಕ ಕಡೆ ಆ ಅರ್ಧ ನಿಮಿಷ ತಪ್ಪಿಹೋಗಿದೆ. ಉರಿಗೆ ಮುಂಚಿನ ಆ ಅರ್ಧ ನಿಮಿಷದಲ್ಲಿ, ಇಂದಿನ ಅಡುಗೆಗೆ ಏನೇನು ಎಲ್ಲೆಲ್ಲಿಂದ ಬಂದಿದೆ ಎಂದು ಒಮ್ಮೆ ನೋಡಿಕೊಳ್ಳಬಹುದು: ನಮ್ಮದೇ ಬಳ್ಳಿಯ ಮೆಣಸು, ತವರಿನಿಂದ ಬಂದ ಬೆಲ್ಲ, ಮಗ ತುರಿದುಕೊಟ್ಟ ಕಾಯಿ. ಹಾಲು ಉಕ್ಕಿದಾಗ, ಸಾರು ತಳ ಹಿಡಿದಾಗ ಈ ಪಟ್ಟಿ ಕೈಗೆ ಬರುತ್ತದೆ. ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲವೆಂದು ಕಂಡರೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕುದಿಯದೆ, ಹಬ್ಬ ಕಳೆದ ಮೇಲೆ ಎಲ್ಲರೆದುರು ಹೇಳಿಬಿಡುವುದು ಒಳಿತು. ಎರಡು ರಾತ್ರಿ ನಿದ್ದೆಗೆಟ್ಟವರಿಗೆ ಮಾತ್ರ ಯಾವ ಸ್ಮರಣೆಯೂ ನಿದ್ದೆಯ ಬದಲಿಗೆ ಬಾರದು. ಅವರು ಮಲಗಬೇಕು, ಬಾಣಲೆ ಇನ್ನೊಬ್ಬರು ಇಳಿಸಬೇಕು.

ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳ ಮನೆಯಲ್ಲೂ ಅಂದು ಹಬ್ಬವೇ. ಆಕೆಯನ್ನು ಸಂಜೆಯವರೆಗೆ ನಿಲ್ಲಿಸಿಕೊಂಡು ಮಿಕ್ಕ ಪಾಯಸ ಕೊಟ್ಟು ಕಳಿಸುವುದಕ್ಕಿಂತ, ಹಿಂದಿನ ದಿನವೇ ಹಬ್ಬದ ಹಣ ಕೈಗಿಟ್ಟು ಮಧ್ಯಾಹ್ನಕ್ಕೆ ಬಿಡುವುದು ಮೇಲು.

ಕಾರ್ಯದರ್ಶಿಯಾಗಿ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ನಮ್ಮ ಸಂಘದ ಷೇರು ರಿಜಿಸ್ಟರ್ ತೆರೆದರೆ ಹೆಂಗಸರ ಹೆಸರುಗಳನ್ನು ಬೆರಳಿಟ್ಟು ಹುಡುಕಬೇಕು. ಇರುವವುಗಳಲ್ಲೂ ಹೆಚ್ಚಿನವು ಗಂಡ ತೀರಿಕೊಂಡ ಮೇಲೆ ವರ್ಗವಾದವು. ಬೀದರಿನಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳಿಗೆ ಸಾಲ ಕೊಟ್ಟು ನಾಡಿಗೇ ಹೆಸರಾಯಿತು. ಅವರ ಬೆಳೆ ಜೋಳ, ತೊಗರಿ, ಸೋಯಾ. ನಮ್ಮದು ಕಾಫಿ, ಅಡಿಕೆ. ನಮ್ಮ ಕಡೆ ಕೊಯ್ಲಿನ ಅರ್ಧ ದುಡಿಮೆ ಹೆಂಗಸರದು, ಸುಲಿತದಲ್ಲಿ ಇನ್ನೂ ಹೆಚ್ಚು. ಈ ಸಂಕ್ರಾಂತಿಗೆ ಎಳ್ಳು–ಬೆಲ್ಲದ ಜೊತೆಗೆ ಮನೆಯಾಕೆಯ ಹೆಸರಿನಲ್ಲಿ ಒಂದು ಷೇರು ತೆಗೆಯಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ. ಅರ್ಜಿ ನಮೂನೆ ಕಛೇರಿಯಲ್ಲಿ ಸಿಗುತ್ತದೆ. ಸಹಿ ಮಾಡಲು ಅವರನ್ನೇ ಕರೆತರಬೇಕು.

ಹಲಬರ್ಗಾದ ಭಜ್ಜಿ ಮಾಡುವ ಬಗೆಯನ್ನು ಕೆಲವರು ಕೇಳಿದ್ದಾರೆ. ಹತ್ತು ಜನಕ್ಕೆ ಹೀಗೆ: ಕಡಲೆ, ತೊಗರಿ, ಅವರೆ, ಬಟಾಣಿಯ ಹಸಿಕಾಳು ಒಂದೊಂದು ಬೊಗಸೆ, ಹಸಿಯದು ಸಿಗದಿದ್ದರೆ ಹಿಂದಿನ ರಾತ್ರಿ ನೆನೆಹಾಕಿದ ಕಾಳು, ಶೇಂಗಾ ಒಂದು ಬೊಗಸೆ. ಇವನ್ನು ಬೇಯಿಸಿಕೊಳ್ಳಬೇಕು. ಮೆಂತ್ಯ, ಪಾಲಕ್ ಎರಡೆರಡು ಕಟ್ಟು, ಈರುಳ್ಳಿಸೊಪ್ಪು ಒಂದು ಕಟ್ಟು, ಬದನೆ, ಗಜ್ಜರಿ ನಾಲ್ಕು ನಾಲ್ಕು ಹೆಚ್ಚಿ ಸೇರಿಸಬೇಕು. ನಿಂಬೆಗಾತ್ರದ ಎರಡು ಉಂಡೆ ಹುಣಿಸೆಯ ರಸ, ರುಚಿಗೆ ಉಪ್ಪು, ಅರಿಸಿನ. ಎಲ್ಲ ಬೆಂದ ಮೇಲೆ ಒಂದು ದೊಡ್ಡ ಲೋಟ ಕಡಲೆಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದೆ ಕಲಸಿ ಸುರಿದು, ಸಣ್ಣ ಉರಿಯಲ್ಲಿ ತಿರುವುತ್ತಿರಬೇಕು. ಹಸಿಮೆಣಸಿನಕಾಯಿ, ಜೀರಿಗೆ, ಧಾರಾಳ ಬೆಳ್ಳುಳ್ಳಿ ಕುಟ್ಟಿ ಒಗ್ಗರಣೆ. ತಿರುವುವ ಕೆಲಸ ತೋಳಿಗೆ ಭಾರ, ಅದನ್ನು ಅಲ್ಲಿ ಮನೆಯ ಗಂಡುಮಕ್ಕಳಿಗೆ ವಹಿಸಿದ್ದರು. ಸಜ್ಜೆ ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ಅಕ್ಕಿರೊಟ್ಟಿಯ ಜೊತೆಗೂ ಚೆನ್ನಾಗಿರುತ್ತದೆ ಎಂದು ನಮ್ಮ ಮನೆಯಲ್ಲಿ ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇವೆ.